ಫಿಜಿಗೆ ಹೊರಟ ಓರಗಿತ್ತಿಯರು

ಪ್ರಯಾಣವೆಂದರೆ ನನಗೆ ಹಿಂದಿನ ದಿನವೇ ಹೊಟ್ಟೆ ಕೆಡುತ್ತದೆ. ಕೆಲವರು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿರುತ್ತಾರೆ. ದೇವರು ನನ್ನ ಕಾಲಿಗೆ ಕೊಟ್ಟದ್ದು ಬ್ರೇಕು ಮಾತ್ರ. ಮೈಸೂರಿಗೆ ಹೊರಟರೂ ಕೆಂಗೇರಿ ದಾಟುವ ಹೊತ್ತಿಗೆ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂಬ ಅನುಮಾನ ಶುರುವಾಗುತ್ತದೆ. ರಾಮನಗರದಲ್ಲಿ, ಮಾಡಿಲ್ಲ ಎಂದು ಖಾತ್ರಿಯಾಗುತ್ತದೆ. ಅಲ್ಲಿಂದ ಎದುರು ಮನೆಯ ವಿಮಲಕ್ಕನಿಗೆ ಫೋನು ಮಾಡಿ, ಅವರು ನಮ್ಮ ಬಾಗಿಲ ಸಂದಿಗೆ ಮೂಗಿಟ್ಟು ಮೂಸಿ, "ಏನೂ ವಾಸನೆ ಇಲ್ಲ, ನೆಮ್ಮದಿಯಾಗಿ ಹೋಗಿ ಬಾರೇ" ಎಂದ ಮೇಲೆಯೇ ಮದ್ದೂರು ವಡೆ ನನ್ನ ಗಂಟಲಲ್ಲಿ ಇಳಿಯುವುದು. ಇಂಥ ನಾನು ಪೆಸಿಫಿಕ್ ಮಹಾಸಾಗರದ ನಡುವೆ ಎಲ್ಲೋ ಇರುವ ಫಿಜಿ ಎಂಬ ದ್ವೀಪಕ್ಕೆ ಹೋಗಲು ಕಳೆದ ವರ್ಷದಿಂದ ತಯಾರಿ ನಡೆಸುತ್ತಿದ್ದೇನೆ ಎಂದರೆ ನಮ್ಮ ಬಳಗದಲ್ಲಿ ಯಾರೂ ನಂಬುವುದಿಲ್ಲ. ನಂಬಿದವರು ನನ್ನನ್ನು ಬಿಟ್ಟು ನಮ್ಮ ಯಜಮಾನರ ಕಡೆ ಮರುಕದಿಂದ ನೋಡುತ್ತಾರೆ.

ವಿಮಲಕ್ಕ ನನ್ನ ಓರಗಿತ್ತಿ, ಎಂದರೆ ನಮ್ಮವರ ಅಣ್ಣನ ಹೆಂಡತಿ. ಓರಗಿತ್ತಿ ಎಂಬುದು ಒಂದು ವಿಚಿತ್ರ ಸಂಬಂಧ. ಅಕ್ಕತಂಗಿಯರಲ್ಲ, ಗೆಳತಿಯರೂ ಅಲ್ಲ. ಒಂದೇ ಅತ್ತೆಯ ಕೈಕೆಳಗೆ ಕೆಲಸ ಮಾಡಿ ನಿವೃತ್ತರಾದ ಸಹೋದ್ಯೋಗಿಗಳು. ಮಲ್ಲೇಶ್ವರದ ನಮ್ಮ ಹಳೆಯ ಮನೆಯ ಒಂದೇ ಅಡುಗೆಮನೆಯಲ್ಲಿ ನಾವಿಬ್ಬರೂ ಅರ್ಧ ಆಯುಷ್ಯ ಕಳೆದೆವು. ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬ ಒಂದೇ ವಿಷಯಕ್ಕೆ ವಾರಗಟ್ಟಲೆ ಮಾತು ಬಿಟ್ಟದ್ದೂ ಉಂಟು. ಆಮೇಲೆ ಮನೆ ಕೆಡವಿ ಫ್ಲ್ಯಾಟು ಕಟ್ಟಿದಾಗ ನಮಗೊಂದು, ಅವರಿಗೊಂದು ಎದುರುಬದುರು ಸಿಕ್ಕಿತು. ಇನ್ನು ಬೇರೆ ಬೇರೆ ಅಡುಗೆಮನೆ, ಜಗಳಕ್ಕೆ ದಾರಿಯೇ ಇಲ್ಲ ಎಂದು ನಮ್ಮವರು ನೆಮ್ಮದಿಯ ಉಸಿರು ಬಿಟ್ಟರು. ಮಾರನೆಯ ದಿನವೇ ವಿಮಲಕ್ಕ ಬಟ್ಟಲಲ್ಲಿ ತಮ್ಮ ಸಾರು ಹಿಡಿದುಕೊಂಡು ಬಂದು, "ಕುಡಿದು ನೋಡು, ಬೆಲ್ಲ ಹಾಕಿದ್ರೆ ಹೇಗಿರತ್ತೆ ಅಂತ" ಎಂದರು. ಭಾವ ತೀರಿಕೊಂಡ ಮೇಲೆ ಅವರು ಒಬ್ಬರೇ. ಮಕ್ಕಳಿಲ್ಲ. ನಮ್ಮ ಎರಡು ಬಾಗಿಲುಗಳು ಬೆಳಗಿನಿಂದ ಸಂಜೆಯವರೆಗೆ ತೆರೆದೇ ಇರುತ್ತವೆ. ನಡುವಿನ ಜಾಗ ಕಾರಿಡಾರು ಎಂದು ಅಸೋಸಿಯೇಷನ್ನಿನವರು ಹೇಳುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ನಡುಮನೆ.

ವಿಮಲಕ್ಕನಿಗೆ ಬಣ್ಣದ ಹುಚ್ಚು. ಹುಚ್ಚು ಎಂದರೆ ತಪ್ಪಾಗಬಹುದು, ಬಣ್ಣದ ವಿಷಯದಲ್ಲಿ ಅವರು ಹೈಕೋರ್ಟು ಇದ್ದ ಹಾಗೆ. ನನ್ನ ಕಣ್ಣಿಗೆ ಕೆಂಪು ಎಂದು ಒಂದೇ ಆಗಿ ಕಾಣುವುದು ಅವರಿಗೆ ಕುಂಕುಮ, ದಾಳಿಂಬೆ, ಇಟ್ಟಿಗೆ, ರಾಣಿ, ಈರುಳ್ಳಿಸಿಪ್ಪೆ ಎಂದು ಬೇರೆ ಬೇರೆ ಸಂಸಾರಗಳಾಗಿ ಕಾಣುತ್ತಿತ್ತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಅರಿಶಿನ ಬಣ್ಣದ ಸೀರೆ ಉಟ್ಟು, ಹಸಿರು ಕುಪ್ಪಸ ತೊಟ್ಟು, ಒಳ್ಳೆಯ ಸೊಸೆಯಂತೆ ತಲೆ ತಗ್ಗಿಸಿ ಬಂದಾಗ ಈ ಮನೆಯಲ್ಲಿ ನನಗೆ ಸಿಕ್ಕ ಮೊದಲ ಸ್ವಾಗತವಾಕ್ಯ, "ಇದನ್ನ ಮ್ಯಾಚಿಂಗ್ ಅಂತ ನಿಂಗೆ ಯಾರೇ ಹೇಳಿದ್ದು?" ಎಂಬುದು. ಅಂದಿನಿಂದ ನನ್ನ ಕುಪ್ಪಸಗಳ ಖಾತೆಯನ್ನು ಅವರೇ ವಹಿಸಿಕೊಂಡರು. ಒಂದು ಸೀರೆಯ ಅಂಚಿನ ಚೂರನ್ನು ಸೆರಗಲ್ಲಿ ಕಟ್ಟಿಕೊಂಡು ಎಂಟನೇ ಕ್ರಾಸಿನ ಅಂಗಡಿಗಳನ್ನೆಲ್ಲ ಸುತ್ತುವುದು, ಅಲ್ಲಿ ಸಿಗದಿದ್ದರೆ ಚಿಕ್ಕಪೇಟೆ, ಅಲ್ಲೂ ಸಿಗದಿದ್ದರೆ ಗಾಂಧಿಬಜಾರು. ಟ್ಯೂಬ್‌ಲೈಟಿನಲ್ಲಿ ನೋಡಿದ್ದನ್ನು ನಂಬದೆ, ಬಟ್ಟೆಯ ಥಾನನ್ನೇ ರಸ್ತೆಗೆ ಎತ್ತಿಕೊಂಡು ಬಂದು ಬಿಸಿಲಿಗೆ ಹಿಡಿಯುತ್ತಿದ್ದರು. ಅಂಗಡಿಯವರು ಕಳ್ಳತನವೆಂದು ತಿಳಿದು ಹಿಂದೆ ಓಡಿಬಂದದ್ದೂ ಇದೆ.

ಇಂಥವರ ಕಣ್ಣಿಗೇ ತೊಂದರೆ ಬಂತು. ಮೊದಮೊದಲು ಅದು ಕಣ್ಣಿನ ತೊಂದರೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. "ಯಾಕೇ ದೆವ್ವದ ಹಾಗೆ ಪಕ್ಕದಿಂದ ಬರ್ತೀಯಾ? ಎದುರಿಗೆ ಬರೋಕೆ ಏನು ಕಷ್ಟ?" ಎಂದು ನನ್ನನ್ನು ಗದರುತ್ತಿದ್ದರು. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ಬಿಲ್ಡರನ್ನು ಬೈಯುತ್ತಿದ್ದರು. ಮೆಟ್ಟಿಲ ಮೇಲೆ ಎಡವಿ ನನ್ನ ಚಪ್ಪಲಿಯನ್ನು ಬೈದರು, ಅದು ನನ್ನ ಕಾಲಲ್ಲೇ ಇದ್ದರೂ. ಕೊನೆಗೆ ಒಂದು ದಿನ ಹಾಲಿನ ಪಾತ್ರೆ ಪಕ್ಕದಲ್ಲೇ ಇದ್ದರೂ ಕಾಣದೆ ಮೊಣಕೈಯಿಂದ ಬೀಳಿಸಿದಾಗ, ನಮ್ಮವರು, "ಅತ್ತಿಗೆ, ಒಂದ್ಸಲ ಕಣ್ಣು ತೋರಿಸ್ಬಿಡಿ" ಎಂದರು. ನಮ್ಮವರು ವಾರಕ್ಕೊಂದು ಮಾತಾಡುವ ಮನುಷ್ಯ. ಆಡಿದರೆ ಎಲ್ಲರೂ ಕೇಳುತ್ತೇವೆ.

ಕುಮಾರ ಪಾರ್ಕಿನ ಕಡೆ ಒಬ್ಬ ಕಣ್ಣಿನ ಡಾಕ್ಟರಮ್ಮ ಇದ್ದಾರೆ. ಅವರ ಕಾಯುವ ಕೋಣೆಯಲ್ಲಿ ಒಂದು ದೊಡ್ಡ ಟಿವಿ. ಅದರಲ್ಲಿ ಶಬ್ದವಿಲ್ಲದೆ ಏನೋ ಊರು, ಬೆಟ್ಟ, ನದಿಗಳ ಚಿತ್ರ ಬರುತ್ತಿರುತ್ತದೆ. ಕಣ್ಣು ಸರಿ ಇಲ್ಲವೆಂದು ಬಂದವರನ್ನು ಟಿವಿ ಮುಂದೆ ಕೂರಿಸುವುದು ಯಾವ ನ್ಯಾಯವೋ ಎಂದು ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ವಿಮಲಕ್ಕ ಎದ್ದು, ನೇರ ಟಿವಿಯ ಬಳಿಗೆ ಹೋಗಿ, ಮೂಗು ತಾಗುವಷ್ಟು ಹತ್ತಿರ ನಿಂತರು. ಹಿಂದಿನ ಸಾಲಿನವರು "ಅಮ್ಮಾ, ಸ್ವಲ್ಪ ಸರೀರಿ" ಎಂದರೂ ಸರಿಯಲಿಲ್ಲ. ಪರದೆಯ ತುಂಬ ಸಮುದ್ರ. ದಡದಲ್ಲಿ ಬಿಳಿ ಮರಳು, ಬಾಗಿದ ತೆಂಗಿನಮರ, ಅದರಾಚೆ ನೀರು.

"ಶಾರದಾ, ಬಾ ಇಲ್ಲಿ. ಇದು ಯಾವ ಬಣ್ಣ ಹೇಳು" ಎಂದರು.

"ನೀಲಿ" ಎಂದೆ.

"ನೀಲಿಯಂತೆ! ಆನಂದಾ ಬ್ಲೂನೂ ಅಲ್ಲ, ರಾಮಾ ಗ್ರೀನೂ ಅಲ್ಲ, ನವಿಲುಗತ್ತೂ ಅಲ್ಲ. ಮೂರೂ ಸೇರಿ, ಒಳಗಡೆಯಿಂದ ದೀಪ ಹಚ್ಚಿಟ್ಟ ಹಾಗಿದೆ. ಇಷ್ಟು ವರ್ಷದಲ್ಲಿ ಈ ಬಣ್ಣ ನಾನು ನೋಡೇ ಇಲ್ವಲ್ಲೇ!"

ಅವರ ದನಿಯಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ಅವಮಾನವಿತ್ತು. ತಮಗೆ ಗೊತ್ತಿಲ್ಲದೆ ಒಂದು ಬಣ್ಣ ಇಷ್ಟು ಕಾಲ ಈ ಭೂಮಿಯ ಮೇಲೆ ಇತ್ತಲ್ಲ ಎಂದು. ಅಷ್ಟರಲ್ಲಿ ಒಳಗೆ ಕರೆದರು. ಗೋಡೆಯ ಕಡೆ ಮುಖ ಮಾಡಿಸಿ, ಮಿಣುಕು ದೀಪ ತೋರಿಸಿ, ಯಂತ್ರಕ್ಕೆ ಗಲ್ಲ ಆನಿಸಿ, ಬಹಳ ಹೊತ್ತು ಪರೀಕ್ಷೆಯಾಯಿತು. ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತರು. ಡಾಕ್ಟರುಗಳು ಕುರ್ಚಿ ಹತ್ತಿರ ಎಳೆದುಕೊಂಡರೆ ನನಗೆ ಭಯ.

"ನೋಡಿ ಅಮ್ಮ, ಇದಕ್ಕೆ ಗ್ಲಕೋಮಾ ಅಂತಾರೆ. ಕಣ್ಣೊಳಗೆ ಒತ್ತಡ ಜಾಸ್ತಿಯಾಗಿ ನರ ಒಣಗ್ತಾ ಬಂದಿದೆ. ನೋವಿಲ್ಲದೆ ಬರತ್ತೆ, ಅದಕ್ಕೇ ಗೊತ್ತಾಗಲ್ಲ. ಎಡಗಣ್ಣಲ್ಲಿ ಹೆಚ್ಚುಕಮ್ಮಿ ಏನೂ ಉಳಿದಿಲ್ಲ. ಬಲಗಣ್ಣಲ್ಲಿ ಮಧ್ಯದಲ್ಲಿ ಸ್ವಲ್ಪ ಇದೆ. ಹೋಗಿರೋದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಕೆ ನೋಡೋಣ" ಎಂದರು.

ವಿಮಲಕ್ಕ, "ಡಾಕ್ಟ್ರೇ, ಹೊರಗಡೆ ಟಿವಿಲಿ ಬರ್ತಿತ್ತಲ್ಲ, ಅದು ಯಾವ ಊರು?" ಎಂದು ಕೇಳಿದರು.

ಅದು ಫಿಜಿ ಎಂದು ಹೊರಗಿನ ಕೌಂಟರಿನ ಹುಡುಗಿ ಹೇಳಿದಳು. ವಿಮಲಕ್ಕ ಆ ಹೆಸರನ್ನು ಆಟೋದಲ್ಲಿ ದಾರಿಯುದ್ದಕ್ಕೂ ಬಾಯಲ್ಲಿ ಹಾಕಿಕೊಂಡು ಚೀಪುತ್ತಾ ಬಂದರು. ಮನೆ ಮುಟ್ಟುವ ಹೊತ್ತಿಗೆ ನಿರ್ಧಾರವಾಗಿತ್ತು. "ನೋಡು, ಇರೋ ಅಷ್ಟು ಕಣ್ಣಲ್ಲಿ ಆ ಬಣ್ಣ ಒಂದ್ಸಲ ನೋಡ್ಬಿಡ್ತೀನಿ. ನೀನು ಬರ್ಬೇಕು." ನಾನು ಬರುವುದಿಲ್ಲ ಎನ್ನುವುದಕ್ಕೆ ಬಾಯಿ ತೆರೆದೆ. ಅವರ ಮುಖ ನೋಡಿದೆ. "ಅಲ್ಲಿ ಕಾಫಿ ಸಿಗತ್ತಾ ಅಕ್ಕ?" ಎಂಬ ಮಾತು ಬಂತು.

ಗಾಂಧಿನಗರದಲ್ಲಿ ಒಂದು ಕಟ್ಟಡದ ಮೇಲುಮಹಡಿಯಲ್ಲಿ ಯಾತ್ರೆಗಳನ್ನು ಏರ್ಪಡಿಸುವ ಒಬ್ಬ ನಡುವಯಸ್ಸಿನ ಮನುಷ್ಯ, ಮೋಹನ್ ಅಂತ. ನಮ್ಮ ಬಳಗದ ಮುದುಕರನ್ನೆಲ್ಲ ಕಾಶಿಗೆ ಕರೆದುಕೊಂಡು ಹೋಗಿ ಜೋಪಾನವಾಗಿ ವಾಪಸು ತಂದವರು. ನಾವಿಬ್ಬರೂ ಹೋಗಿ ಕೂತಾಗ, ನಾವು ಬಾಯಿ ತೆರೆಯುವ ಮೊದಲೇ ಅವರು ಕಾಶಿ, ಗಯಾ, ಪ್ರಯಾಗದ ಕಾಗದವನ್ನು ಮುಂದಿಟ್ಟರು. ವಿಮಲಕ್ಕ ಅದನ್ನು ಬದಿಗೆ ಸರಿಸಿ, "ನಮಗೆ ಫಿಜಿ ಬೇಕು" ಎಂದರು. ಮೋಹನ್ ಅದನ್ನು ಕುಡಿಯುವ ಯಾವುದೋ ಜ್ಯೂಸೆಂದು ತಿಳಿದು ಹುಡುಗನನ್ನು ಕರೆಯಹೊರಟರು. ವಿಷಯ ತಿಳಿದ ಮೇಲೆ ಬಹಳ ಹೊತ್ತು ಕಂಪ್ಯೂಟರಿನಲ್ಲಿ ಹುಡುಕಿ, ನಮ್ಮ ಮುಖಗಳನ್ನೂ ನಮ್ಮ ವಯಸ್ಸನ್ನೂ ನೋಡಿ, ಸಮಾಧಾನದ ದನಿಯಲ್ಲಿ, "ಪರವಾಗಿಲ್ಲ ಅಮ್ಮ, ಅಲ್ಲೂ ಒಂದು ಸುಬ್ರಹ್ಮಣ್ಯನ ದೇವಸ್ಥಾನ ಇದೆ" ಎಂದರು. ಸಿಂಗಪುರದಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಬೇಕೆಂದು ಹೇಳಿದಾಗ ನಾನು ಆ ಕಾಶಿಯ ಕಾಗದವನ್ನು ಮತ್ತೆ ನನ್ನ ಕಡೆ ಎಳೆದುಕೊಂಡೆ. ಆದರೂ ಟಿಕೆಟ್ಟು ಬುಕ್ಕಾಯಿತು.

ನಮ್ಮವರು ಮಾತು ಕಡಿಮೆ ಆಡಿದರೂ ಓದುವುದು ಜಾಸ್ತಿ. ಅಂದಿನಿಂದ ದಿನಕ್ಕೊಂದು ಸುದ್ದಿ ತಂದರು. ಅಲ್ಲಿ ಚಂಡಮಾರುತ ಬೀಸುವ ತಿಂಗಳುಗಳು ಯಾವುವು, ಅಲ್ಲಿ ನಮಗಿಂತ ಎಷ್ಟೋ ಮೊದಲೇ ಬೆಳಗಾಗುತ್ತದೆ, ಹಾಗಾದರೆ ಏಕಾದಶಿಯನ್ನು ಅಲ್ಲಿಯವರು ಯಾವತ್ತು ಮಾಡಬೇಕು, ಹೊರಗಿನ ತಿಂಡಿತಿನಿಸು ಒಳಗೆ ಬಿಡುವುದರಲ್ಲಿ ಅವರು ಎಷ್ಟು ಬಿಗಿ. ಚಟ್ನಿಪುಡಿ, ಉಪ್ಪಿನಕಾಯಿ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳಬಹುದೆಂದು ಕೇಳಿ ನಾನು ಒಂದು ಹೊತ್ತು ಊಟ ಬಿಟ್ಟೆ. ಸಮುದ್ರಕ್ಕೆ ಇಳಿಯಲು ಏನು ತೊಡುವುದು ಎಂಬುದು ಇನ್ನೊಂದು ದೊಡ್ಡ ಪ್ರಶ್ನೆ. ಸೀರೆ ಉಟ್ಟು ಇಳಿದರೆ ಅಲೆ ಮೊದಲು ಸೀರೆಯನ್ನು ಒಯ್ಯುತ್ತದೆ, ಆಮೇಲೆ ನನ್ನನ್ನು. ಚೂಡಿದಾರ ಕೊಳ್ಳಲು ಹೋದೆವು. ಅಂಗಡಿಯ ಕನ್ನಡಿಯಲ್ಲಿ ಜೀವಮಾನದಲ್ಲಿ ಮೊದಲ ಸಲ ಚೂಡಿದಾರದಲ್ಲಿ ನನ್ನನ್ನು ನೋಡಿಕೊಂಡಾಗ ದಿಂಬಿಗೆ ಗವಸು ಹಾಕಿ ಎರಡು ಕಾಲು ಹೊಲಿದ ಹಾಗೆ ಕಂಡಿತು. ವಿಮಲಕ್ಕ ಹತ್ತಿರ ಬಂದು, ಬಲಗಣ್ಣನ್ನು ಅತ್ತಿತ್ತ ಆಡಿಸಿ, ನನ್ನನ್ನು ತುಂಡು ತುಂಡಾಗಿ ಜೋಡಿಸಿಕೊಂಡು ನೋಡಿ, "ಮೆಂತ್ಯದ ಬಣ್ಣ ನಿಂಗೆ ಒಪ್ಪಲ್ಲ, ಬಿಚ್ಚು" ಎಂದರು. ಹಾಗೆ ತುಂಡು ತುಂಡಾಗಿ ನೋಡುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ನನಗೆ ಆಗಿರಲಿಲ್ಲ.

ಹೊರಡಲು ಇನ್ನೂ ದಿನಗಳಿದ್ದಾಗ ಡಾಕ್ಟರಮ್ಮ ಮತ್ತೆ ಕುರ್ಚಿ ಎಳೆದುಕೊಂಡರು. ಡ್ರಾಪ್ಸ್ ಹಾಕಿದರೂ ಒತ್ತಡ ಇಳಿಯುತ್ತಿಲ್ಲ. ಆಪರೇಷನ್ ಮಾಡಿದರೆ ಉಳಿದದ್ದು ಉಳಿಯಬಹುದು. ಆದರೆ ಇಷ್ಟು ಮುಂದುವರಿದಿರುವಾಗ, ಅಪರೂಪಕ್ಕೆ, ಇರುವುದೂ ಹೋಗಿಬಿಡಬಹುದು. ಮಾಡಿಸದೆ ಬಿಟ್ಟರೆ ಹೇಗೂ ಹೋಗುತ್ತದೆ. ಅವರು ಏನನ್ನೂ ಮುಚ್ಚಿಡದೆ ಹೇಳಿದರು. ಅದಕ್ಕಾಗಿ ಅವರ ಮೇಲೆ ನನಗೆ ಇಂದಿಗೂ ಗೌರವ. ನಾನು, "ಅಕ್ಕ, ಮೊದಲು ಫಿಜಿ ನೋಡ್ಕೊಂಡು ಬಂದ್ಬಿಡೋಣ, ಆಮೇಲೆ ಆಪರೇಷನ್" ಎಂದು ಬೇಡಿಕೊಂಡೆ. ಪ್ರಯಾಣಕ್ಕೆ ನಾನು ಅವಸರ ಮಾಡಿದ್ದು ಅದೊಂದೇ ಸಲ. ವಿಮಲಕ್ಕ ಕೇಳಲಿಲ್ಲ. ಆಪರೇಷನ್ ಎಂದರೆ ಅವರ ಮನಸ್ಸಿನಲ್ಲಿ ಬಿಟ್ಟುಹೋದ ಹೊಲಿಗೆಯನ್ನು ಮತ್ತೆ ಹಾಕಿ ಗಟ್ಟಿ ಮಾಡುವುದು. "ಈಗಲೇ ಎಲ್ಲಾ ಬೂದಿ ಬೂದಿ ಕಾಣತ್ತೆ ಕಣೇ. ಅಷ್ಟು ದೂರ ಹೋಗಿ ಬೂದಿ ನೋಡ್ಕೊಂಡು ಬರ್ಲಾ? ರಿಪೇರಿ ಮಾಡಿಸ್ಕೊಂಡೇ ಹೋಗೋಣ" ಎಂದರು.

ಆಪರೇಷನ್ನಿನ ಮಾರನೆಯ ಬೆಳಗ್ಗೆ ಪಟ್ಟಿ ಬಿಚ್ಚಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಕೋಣೆಯಲ್ಲಿ ಕಿಟಕಿಯ ಬೆಳಕಿತ್ತು, ತಲೆಯ ಮೇಲೆ ಟ್ಯೂಬ್‌ಲೈಟೂ ಉರಿಯುತ್ತಿತ್ತು. ವಿಮಲಕ್ಕ ನಿಧಾನವಾಗಿ ರೆಪ್ಪೆ ತೆರೆದರು. ಎಂದಿನಂತೆ ಕಣ್ಣನ್ನು ಅತ್ತ ಇತ್ತ ಆಡಿಸಿದರು.

"ಲೈಟ್ ಹಾಕಿ ಡಾಕ್ಟ್ರೇ" ಎಂದರು.

ಡಾಕ್ಟರಮ್ಮ ಟಾರ್ಚು ಹಿಡಿದು ನೋಡಿದರು, ಮತ್ತೆ ನೋಡಿದರು, ಆಮೇಲೆ ಅವರ ಕೈ ಹಿಡಿದುಕೊಂಡು ಕೂತರು. ಕಾಯೋಣ ಎಂದರು. ಕಾದೆವು. ಆ ಅಪರೂಪದ್ದು ನಮ್ಮ ಪಾಲಿಗೇ ಬಂದಿತ್ತು. ಬೆಳಕು ಎಲ್ಲಿದೆ, ನೆರಳು ಎಲ್ಲಿದೆ ಎಂಬುದಷ್ಟು ಉಳಿಯಿತು, ಉಳಿದದ್ದೆಲ್ಲ ಹೋಯಿತು.

ಆಮೇಲಿನ ವಾರಗಳ ಬಗ್ಗೆ ತಮಾಷೆಯಾಗಿ ಬರೆಯಲು ನನಗೆ ಬರುವುದಿಲ್ಲ. ವಿಮಲಕ್ಕ ಅಳಲಿಲ್ಲ, ಬೈಯಲಿಲ್ಲ. ಬೈಯದಿದ್ದುದೇ ಹೆಚ್ಚು ಕಷ್ಟವಾಯಿತು. ನನ್ನ ಸಾರಿಗೆ ಬೆಲ್ಲವಿಲ್ಲದಿದ್ದರೂ ಸುಮ್ಮನೆ ಉಂಡರು. ಪ್ರಯಾಣಕ್ಕೆಂದು ಕೊಂಡಿದ್ದ ದೊಡ್ಡ ಸೂಟ್‌ಕೇಸು ಅವರ ಹಾಲಿನ ನಡುವೆ ಇತ್ತು. ನಡೆಯುವಾಗಲೆಲ್ಲ ಮೊಣಕಾಲು ಅದಕ್ಕೇ ತಾಗುತ್ತಿತ್ತು. ನಮ್ಮವರು ಅದನ್ನು ಎತ್ತಿ ಅಟ್ಟಕ್ಕೆ ಹಾಕಲು ಹೋದಾಗ, "ಗೋಪೀ, ಅದು ಅಲ್ಲೇ ಇರ್ಲಿ" ಎಂದರು. ಅದರಾಚೆ ಫಿಜಿಯ ಮಾತು ಯಾರೂ ಎತ್ತಲಿಲ್ಲ.

ಹೊರಡುವ ದಿನ ಹತ್ತಿರವಾಗುತ್ತಿತ್ತು. ಟಿಕೆಟ್ಟು ರದ್ದು ಮಾಡಬೇಕಲ್ಲ ಎಂದು ಒಂದು ಮಧ್ಯಾಹ್ನ ನಾನು ಅಡುಗೆಮನೆಯ ಮೂಲೆಯಲ್ಲಿ ಕುಕ್ಕರಿನ ಸದ್ದಿನ ಮರೆಯಲ್ಲಿ ಮೋಹನ್‌ಗೆ ಫೋನು ಮಾಡಿದೆ. ಗುಟ್ಟಾಗಿ ಮಾತಾಡುವುದು ನನಗೆ ಎಂದೂ ಬಂದಿಲ್ಲ. ಪಿಸುಗುಟ್ಟಿದರೂ ಮೂರನೇ ಮಹಡಿಯವರು ಏನಂದ್ರಿ ಎನ್ನುತ್ತಾರೆ. "ಹೌದು, ಇಬ್ಬರದೂ ಕ್ಯಾನ್ಸಲ್ ಮಾಡ್ಬಿಡಿ" ಎಂದು ಹೇಳಿ ತಿರುಗಿದರೆ ಬಾಗಿಲಲ್ಲಿ ವಿಮಲಕ್ಕ. ಗೋಡೆ ಹಿಡಿದುಕೊಂಡು ಕಾರಿಡಾರು ದಾಟಿ ತಾವೇ ಬಂದಿದ್ದರು.

"ಯಾರನ್ನ ಕೇಳಿ ಕ್ಯಾನ್ಸಲ್ ಮಾಡಿಸ್ತಿದೀಯಾ?"

"ಅಕ್ಕ, ಅದು... ನಿಮಗೆ ಈಗ..."

"ನಂಗೆ ಈಗ ಏನು? ಹೇಳು. ಬಾಯಿ ಬಿಟ್ಟು ಹೇಳು. ಕಣ್ಣು ಕಾಣಲ್ಲ, ಅಷ್ಟೇ ತಾನೇ? ಕಾಲಿದೆ. ಆ ನೀರಲ್ಲಿ ಹೋಗಿ ನಿಂತ್ಕೋತೀನಿ. ಅದು ಬಿಸಿ ಇದೆಯಾ, ತಣ್ಣಗಿದೆಯಾ, ಅದಾದ್ರೂ ಗೊತ್ತಾಗತ್ತೋ ಇಲ್ವೋ? ಬಣ್ಣ ಯಾವುದು ಅಂತ ನೀನು ಹೇಳು. ಅಷ್ಟು ಮಾಡೋಕೆ ಆಗಲ್ವಾ ನಿಂಗೆ?"

ಅದು ಬೈಗುಳ. ಎಷ್ಟೋ ವಾರಗಳ ಮೇಲೆ ಕೇಳಿದ ಬೈಗುಳ. ನಾನು ಅಲ್ಲೇ ಮತ್ತೆ ಮೋಹನ್‌ಗೆ ಫೋನು ಹಚ್ಚಿ, ಕ್ಯಾನ್ಸಲ್ ಬೇಡ, ತಾರೀಖು ಮುಂದಕ್ಕೆ ಹಾಕಿ ಎಂದೆ. ಅವರು, "ಅಮ್ಮ, ನೀವು ಒಂದ್ಸಲ ಕಾಶಿಗೆ ಹೋಗಿ ಬಂದ್ರೆ ಮನಸ್ಸು ಗಟ್ಟಿಯಾಗ್ತಿತ್ತು" ಎಂದರು.

ಹೀಗೆ ನಮ್ಮ ತಯಾರಿ ಎರಡನೆಯ ಸಲ ಶುರುವಾಯಿತು. ಈ ಸಲದ ತೊಂದರೆ ಚಟ್ನಿಪುಡಿಯದಲ್ಲ, ನನ್ನದು. ಜೀವಮಾನವಿಡೀ ನೀಲಿ, ಹಸಿರು, ಕೆಂಪು ಎಂದು ಮೂರು ಪದದಲ್ಲಿ ಸಂಸಾರ ಮಾಡಿದವಳು ಈಗ ಇನ್ನೊಬ್ಬರಿಗೆ ಸಮುದ್ರ ತೋರಿಸಬೇಕು. ವಿಮಲಕ್ಕ ನನ್ನನ್ನು ತರಬೇತಿಗೆ ಹಚ್ಚಿದರು. ನನ್ನ ತೋಳು ಹಿಡಿದುಕೊಂಡು ಎಂಟನೇ ಕ್ರಾಸಿನ ಮ್ಯಾಚಿಂಗ್ ಅಂಗಡಿಗೆ ಬಂದು ಕುರ್ಚಿ ಹಾಕಿಸಿಕೊಂಡು ಕೂತರು. ಅಂಗಡಿಯ ಯಜಮಾನರಿಗೆ ಅವರ ಪರಿಚಯ ಎಷ್ಟೋ ವರ್ಷದ್ದು. ವಿಮಲಕ್ಕನ ಕರಿಕನ್ನಡಕ ನೋಡಿ ಅವರಿಗೆ ಎಲ್ಲ ತಿಳಿಯಿತು. ಏನೂ ಕೇಳದೆ, ನೀಲಿಯ ಕಪಾಟಿನಲ್ಲಿ ಇದ್ದಬದ್ದ ಥಾನುಗಳನ್ನೆಲ್ಲ ತಂದು ಮುಂದೆ ಸುರಿದರು. ವಿಮಲಕ್ಕ ಒಂದನ್ನು ಎತ್ತಿ ಬೆರಳಲ್ಲಿ ತಿಕ್ಕಿ, "ಹೇಳು" ಎನ್ನುತ್ತಿದ್ದರು.

"ನೀಲಿ."

"ಯಾವ ನೀಲಿ?"

"ನೀಲಿ ನೀಲಿ."

"ಇಂಕಿನ ಹಾಗಾ, ಶಂಖಪುಷ್ಪದ ಹಾಗಾ, ಮಳೆ ಬಂದು ನಿಂತ ಮೇಲೆ ಆಕಾಶ ಇರತ್ತಲ್ಲ ಹಾಗಾ?"

"ಸ್ಕೂಲ್ ಯೂನಿಫಾರಮ್ಮಿನ ಹಾಗೆ."

"ಯಾವ ಸ್ಕೂಲು?"

ಅಂಗಡಿಯ ಯಜಮಾನರು ಕೆಮ್ಮಿ ನನ್ನನ್ನು ತಿದ್ದತೊಡಗಿದರು. ನಾನು ಕಪ್ಪು ಎಂದದ್ದು ಕಡುನೀಲಿಯಂತೆ. ಹಸಿರು ಎಂದದ್ದು ರಾಮಾ ನೀಲಿಯಂತೆ. ಬೂದು ಎಂದದ್ದು ತಿಳಿನೀಲಿಯಂತೆ. ವಿಮಲಕ್ಕ ಹಣೆ ಚಚ್ಚಿಕೊಂಡು, "ಅಯ್ಯೋ ದೇವ್ರೇ, ಇವಳ ಕಣ್ಣಿಟ್ಕೊಂಡು ನಾನು ಸಮುದ್ರ ನೋಡ್ಬೇಕಾ!" ಎಂದರು. ಅಂಗಡಿಯಲ್ಲಿದ್ದ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಯಜಮಾನರು ಮಾತ್ರ ಥಾನುಗಳನ್ನು ಮಡಿಸುವ ನೆಪದಲ್ಲಿ ಆ ಕಡೆ ತಿರುಗಿ ನಿಂತರು.

ಬಟ್ಟೆಯಿಂದ ಪ್ರಯೋಜನವಾಗದೆ ನೀರಿಗೇ ಬಂದೆವು. ಸಂಜೆ ಸ್ಯಾಂಕಿ ಕೆರೆಯ ಕಟ್ಟೆಯ ಮೇಲೆ ಅವರನ್ನು ಕೂರಿಸಿ ಕೆರೆಯನ್ನು ವರ್ಣಿಸುವುದು. "ನೀರು ಬೂದುಬಣ್ಣಕ್ಕಿದೆ ಅಕ್ಕ. ಒಂದು ಬಿಳಿ ಕೊಕ್ಕರೆ ಕೂತಿದೆ." ಪಕ್ಕದಲ್ಲಿ ವಾಕಿಂಗ್ ಮುಗಿಸಿ ಕೂತಿದ್ದ ಒಬ್ಬ ಹಿರಿಯರು ತಡೆಯಲಾರದೆ, "ಕ್ಷಮಿಸಿ ಅಮ್ಮ, ಅದು ಕೊಕ್ಕರೆ ಅಲ್ಲ, ಪ್ಲಾಸ್ಟಿಕ್ ಕವರು. ನೀರೂ ಇವತ್ತು ಒಳ್ಳೆ ನೀಲಿಯಾಗೇ ಇದೆ" ಎಂದರು. ವಿಮಲಕ್ಕ ನಗಲಿಲ್ಲ. ನನ್ನ ಮುಖದ ಕಡೆ ತಿರುಗಿ, ಬಹಳ ಮೆತ್ತಗೆ, "ಶಾರದಾ, ನಾಳೆ ಹೋಗಿ ನಿನ್ನ ಕಣ್ಣು ತೋರಿಸ್ಕೋ. ತಡ ಮಾಡ್ಬೇಡ" ಎಂದರು. ಅವರ ಕೈ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು.

ಅದೇ ಕಾಯುವ ಕೋಣೆ, ಅದೇ ಟಿವಿ. ಈ ಸಲ ಡಾಕ್ಟರಮ್ಮ ಕುರ್ಚಿ ಎಳೆದುಕೊಳ್ಳಲಿಲ್ಲ. ದೂರದಿಂದಲೇ ನಗುತ್ತಾ, "ಏನಿಲ್ಲ, ಪೊರೆ. ಎರಡೂ ಕಣ್ಣಲ್ಲಿ ಚೆನ್ನಾಗಿ ಬಲಿತಿದೆ. ಇಷ್ಟು ದಿನ ಹಳದಿ ಗಾಜಿನ ಹಿಂದೆ ಕೂತು ನೋಡ್ತಿದ್ದ ಹಾಗೆ. ನೀಲಿ ಎಲ್ಲಿ ಗೊತ್ತಾಗ್ಬೇಕು? ತೆಗೆದು ಲೆನ್ಸ್ ಹಾಕಿದ್ರೆ ಆಯ್ತು" ಎಂದರು. ಮನೆಗೆ ಬಂದು ಹೇಳಿದಾಗ ವಿಮಲಕ್ಕ ಮೊದಲು "ಪೊರೆ ತಾನೇ? ಬರೀ ಪೊರೆ ತಾನೇ?" ಎಂದು ಎರಡು ಮೂರು ಸಲ ಕೇಳಿದರು. ಆಮೇಲೆ ಸೋಫಾದ ಮೇಲೆ ಕೂತು ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ನಾನು ಹತ್ತಿರ ಹೋದರೆ ನಗುತ್ತಿದ್ದರು. "ಕುರುಡಿಗೆ ದಾರಿ ತೋರ್ಸೋಕೆ ಎಂಥವಳನ್ನ ಆರಿಸ್ಕೊಂಡಿದ್ದೆ ನೋಡು" ಎಂದು ಉಸಿರು ಕಟ್ಟುವಷ್ಟು ನಕ್ಕರು. ಕುರುಡಿ ಎಂಬ ಪದವನ್ನು ಅವರು ತಮಗೆ ಹೇಳಿಕೊಂಡದ್ದು ಅದೇ ಮೊದಲು.

ನನ್ನ ಎರಡು ಕಣ್ಣಿಗೂ ಒಂದಾದ ಮೇಲೊಂದು ಆಪರೇಷನ್ ಆಯಿತು. ವಿಮಲಕ್ಕನನ್ನು ಕೂರಿಸಿದ್ದ ಬೆಂಚಿನ ಮೇಲೆಯೇ ನನ್ನನ್ನೂ ಕೂರಿಸಿದರು. ಅವರ ಪಟ್ಟಿ ಬಿಚ್ಚಿದ ಕೋಣೆಯಲ್ಲೇ ನನ್ನ ಪಟ್ಟಿ ಬಿಚ್ಚಿದರು. ನಾನು ಲೈಟ್ ಹಾಕಿ ಎನ್ನಬೇಕಾಗಲಿಲ್ಲ. ನನಗೆ ಎಲ್ಲವೂ ಕಂಡಿತು, ಬೇಕಾದ್ದಕ್ಕಿಂತ ಹೆಚ್ಚಾಗಿಯೇ. ಮನೆಗೆ ಬಂದು ಕನ್ನಡಿ ನೋಡಿದರೆ ಅದರಲ್ಲಿ ನಮ್ಮ ಅತ್ತೆಯ ವಯಸ್ಸಿನ ಯಾರೋ ಇದ್ದರು. ನಾನು ತೊಳೆದು ಪಳಪಳ ಮಾಡಿಟ್ಟಿದ್ದೇನೆಂದು ಬೀಗುತ್ತಿದ್ದ ಅಡುಗೆಮನೆಯ ಗೋಡೆಯ ತುಂಬ ಒಗ್ಗರಣೆಯ ಚುಕ್ಕಿ. ನಮ್ಮವರ ಮುಖದಲ್ಲಿ ನಾನು ಎಂದೂ ಕಾಣದಿದ್ದ ಸುಸ್ತು. ತಪ್ಪಿಸಿಕೊಳ್ಳೋಣವೆಂದು ಬಾಲ್ಕನಿಗೆ ಹೋದೆ. ರಸ್ತೆಯಾಚೆಯ ಮನೆಯವರು ಮಹಡಿಯಲ್ಲಿ ಸಿಮೆಂಟಿನ ಮೂಟೆಗಳಿಗೆ ಒಂದು ಟಾರ್ಪಾಲು ಹೊದಿಸಿದ್ದರು. ಅದು ಅಲ್ಲಿಗೆ ಬಂದು ಎಷ್ಟು ದಿನವಾಯಿತೋ. ಬೆಳಗಿನ ಬಿಸಿಲಿನಲ್ಲಿ ಅದು ಹೊಳೆಯುತ್ತಿತ್ತು. ನೀಲಿ. ನಾನು ಕಂಬಿ ಹಿಡಿದುಕೊಂಡು ನಿಂತುಬಿಟ್ಟೆ. ಒಂದು ಹಳೆಯ ಟಾರ್ಪಾಲು ಇಷ್ಟು ಚೆನ್ನಾಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಹಿಂದಿನಿಂದ ಗೋಡೆ ಸವರುತ್ತಾ ಬರುವ ಸದ್ದು ಕೇಳಿತು. ವಿಮಲಕ್ಕ ಬಂದು ಪಕ್ಕದಲ್ಲಿ ನಿಂತರು.

"ಹೇಗಿದೆಯೇ? ಕಾಣತ್ತಾ?"

"ಹೂಂ. ಪರವಾಗಿಲ್ಲ ಅಕ್ಕ. ಮೊದಲಿಗಿಂತ ಸ್ವಲ್ಪ ವಾಸಿ."

"ಸುಳ್ಳು ಹೇಳ್ಬೇಡ. ನೀನು ಮೂಗು ಏರಿಸ್ತಿರೋದು ನಂಗೆ ಕೇಳಿಸ್ತಿದೆ. ಎದುರಿಗೆ ಏನಿದೆ?"

"ಟಾರ್ಪಾಲು."

"ಯಾವ ಬಣ್ಣ?"

"ನೀಲಿ" ಎಂದೆ. ಅವರು ಕಾದರು. ಯಾವ ನೀಲಿ ಎಂದು ಕೇಳಲಿಲ್ಲ. "ಶಂಖಪುಷ್ಪಕ್ಕಿಂತ ತಿಳಿ ಅಕ್ಕ. ಅಲ್ಲಲ್ಲಿ ಮಡಿಕೆ ಬಿದ್ದಿರೋ ಕಡೆ ಗಾಢ. ಬಿಸಿಲು ಬಿದ್ದಿರೋ ಕಡೆ ಹೆಚ್ಚುಕಮ್ಮಿ ಬಿಳಿ. ಒಂದು ಮೂಲೆ ಗಾಳಿಗೆ ಎದ್ದೆದ್ದು ಬೀಳ್ತಿದೆ, ಬಿದ್ದಾಗಲೆಲ್ಲ ಬಣ್ಣ ಬೇರೆಯಾಗತ್ತೆ." ಅಲ್ಲಿಂದ ಮುಂದೆ ನನಗೆ ಹೇಳಲಾಗಲಿಲ್ಲ. ನನ್ನ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ಇದು ನನಗೆ ಕಾಣಬೇಕಾದ ಬಣ್ಣವಲ್ಲ, ವಿಳಾಸ ತಪ್ಪಿ ನನ್ನ ಮನೆಗೆ ಬಂದಿದೆ ಎನಿಸಿತು.

ವಿಮಲಕ್ಕ ಕೈ ಚಾಚಿ ನನ್ನ ಕೆನ್ನೆ ಹುಡುಕಿದರು. ಬೆರಳಿಗೆ ಒದ್ದೆ ತಾಗಿತು. ಸೆರಗಿನಿಂದ, ಕಣ್ಣಿಗೆ ತಾಗದ ಹಾಗೆ, ಕೆನ್ನೆಯನ್ನಷ್ಟೇ ಒತ್ತಿ ಒರೆಸಿದರು.

"ಅಳ್ಬೇಡ್ವೇ. ಹಾಕಿರೋ ಡ್ರಾಪ್ಸೆಲ್ಲ ಹೊರಟೋಗತ್ತೆ. ಇಬ್ರಿಗೂ ಸೇರಿ ಇರೋದು ಅದೊಂದೇ ಜೊತೆ."

ಅಂದಿನಿಂದ ನನ್ನ ಕಣ್ಣುಗಳು ನನ್ನವಲ್ಲ. ಹೊತ್ತುಹೊತ್ತಿಗೆ ಡ್ರಾಪ್ಸ್ ಹಾಕಿಕೊಂಡೆಯಾ ಎಂದು ಎದುರು ಮನೆಯಿಂದ ಕೂಗು ಬರುತ್ತದೆ. ಟಿವಿ ಹೆಚ್ಚು ನೋಡುವಂತಿಲ್ಲ, ಬಿಸಿಲಿಗೆ ಕರಿಕನ್ನಡಕವಿಲ್ಲದೆ ಹೋಗುವಂತಿಲ್ಲ. ಇಬ್ಬರೂ ಕರಿಕನ್ನಡಕ ಹಾಕಿಕೊಂಡು ತೋಳು ಹಿಡಿದು ನಡೆಯುವಾಗ ರಸ್ತೆ ದಾಟಿಸಲು ಜನ ನನ್ನ ಕೈಯನ್ನೇ ಹಿಡಿಯುತ್ತಾರೆ. ಫಿಜಿಗೆ ಹೊರಡಲು ಇನ್ನು ಹೆಚ್ಚು ದಿನವಿಲ್ಲ, ಅಲ್ಲಿಯವರೆಗೆ ಈ ಕಣ್ಣು ಜೋಪಾನವಾಗಿರಬೇಕಂತೆ. ಮುಖ್ಯವಾಗಿ, ಮನೆಯಲ್ಲಿ ನಾನು ಈರುಳ್ಳಿ ಹೆಚ್ಚಕೂಡದು ಎಂದು ವಿಮಲಕ್ಕ ಕಟ್ಟಪ್ಪಣೆ ಮಾಡಿದ್ದಾರೆ. ಆ ಕೆಲಸ ನಮ್ಮವರ ಪಾಲಿಗೆ ಬಂದಿದೆ. ಅವರು ಏನೂ ಅನ್ನದೆ ಹೆಚ್ಚುತ್ತಾರೆ, ಧಾರಾಳವಾಗಿ ಕಣ್ಣೀರು ಹಾಕುತ್ತಾರೆ. ಎದುರು ಬಾಗಿಲಲ್ಲಿ ಸದ್ದಿಲ್ಲದಿರುವ ಹೊತ್ತು ನೋಡಿ, ಉಪ್ಪಿನ ಡಬ್ಬಿ ಹುಡುಕುವ ನೆಪದಲ್ಲಿ, ನಾನೂ ಒಮ್ಮೊಮ್ಮೆ ಹೋಗಿ ಅವರ ಪಕ್ಕದಲ್ಲಿ ನಿಂತುಕೊಳ್ಳುತ್ತೇನೆ.